ಬೆಂಚಿನ ಮೇಲೆ ನಿಂತ ಉಪನ್ಯಾಸಕರು

ಕರಡಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಮುದ್ರಣಾಲಯದಲ್ಲಿ ವರ್ಷಗಟ್ಟಲೆ ಕರಡು ತಿದ್ದುತ್ತ ಕೂತದ್ದರಿಂದ ಆ ಹೆಸರು ಅಳಿಸಿಹೋಗಿ ಈ ಹೆಸರು ಅಚ್ಚಾಯಿತು. ಬೀದಿಯ ಮಕ್ಕಳು ಅಷ್ಟಕ್ಕೇ ಬಿಡದೆ ‘ಕರಡಿಯಪ್ಪ’ ಎಂದು ಕೂಗುತ್ತಿದ್ದರು. ಅದಕ್ಕೆ ಅವನು ನೊಂದುಕೊಂಡದ್ದುಂಟು. ಮರ್ಯಾದೆ ಹೋಯಿತೆಂದಲ್ಲ, ‘ಡ’ಕ್ಕೆ ಬೇಡದ ಗುಡಿಸು ಬಿತ್ತೆಂದು.

ಆ ಮುದ್ರಣಾಲಯ ಒಂದು ದಿನ ಬಾಗಿಲು ಹಾಕಿತು. ಬಾಗಿಲಿಗೆ ಅಂಟಿಸಿದ ಪ್ರಕಟಣೆಯಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ಕರಡಪ್ಪ ಅವನ್ನು ಪೆನ್ನಿನಲ್ಲಿ ತಿದ್ದಿ, ಆಮೇಲೆ ತನಗೆ ಕೆಲಸ ಹೋಯಿತೆಂಬುದನ್ನು ಅರ್ಥ ಮಾಡಿಕೊಂಡು, ಮನೆಗೆ ಬಂದ. ಅವನ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವವಳು. ಅವಳು ಹೊಲಿಗೆ ಯಂತ್ರ ನಿಲ್ಲಿಸದೆಯೇ ಗಂಡನ ಭವಿಷ್ಯವನ್ನು ತೀರ್ಮಾನಿಸಿಬಿಟ್ಟಳು.

“ನಿಮ್ಮ ಡಿಗ್ರಿ ಟ್ರಂಕಿನಲ್ಲಿ ಮಲಗಿದೆಯಲ್ಲ, ಅದನ್ನ ಎಬ್ಬಿಸಿ. ಬಿ.ಎಡ್. ಮಾಡಿ, ಮೇಷ್ಟ್ರಾಗಿ. ಬಟ್ಟೆ ನಾನು ಹೊಲೀತೀನಿ, ಅದರೊಳಗಿರೋ ಮಕ್ಕಳಿಗೆ ನೀವು ಪಾಠ ಹೇಳಿ.”

ಹೀಗೆ ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೆ ಕರಡಪ್ಪ ಮತ್ತೆ ಕಾಲೇಜು ಸೇರಿದ. ಮೊದಲ ದಿನ ಅವನು ತರಗತಿಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ಉಪನ್ಯಾಸಕರು ಬಂದರೆಂದುಕೊಂಡು ಅವನೂ ಗಾಬರಿಯಿಂದ ಹಿಂತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಎದ್ದು ನಿಂತದ್ದು ತನಗಾಗಿ ಎಂದು ತಿಳಿದಾಗ ಅವನಿಗೆ ಎಷ್ಟು ನಾಚಿಕೆಯಾಯಿತೆಂದರೆ, ನೇರವಾಗಿ ಹೋಗಿ ಕೊನೆಯ ಬೆಂಚಿನಲ್ಲಿ ಮುದುಡಿಕೊಂಡ.

ಬರವಣಿಗೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಪಾಠಯೋಜನೆಗಳು ಮುತ್ತು ಪೋಣಿಸಿದಂತಿರುತ್ತಿದ್ದವು. ತೊಂದರೆ ಇದ್ದದ್ದು ಗಂಟಲಲ್ಲಿ. ಅಷ್ಟು ವರ್ಷ ಕಾಗದದ ಜೊತೆ ಮಾತಾಡಿದವನಿಗೆ ಮನುಷ್ಯರ ಮುಖ ಸಾಲಾಗಿ ಕಂಡರೆ ಧ್ವನಿ ಬಾವಿಗೆ ಬಿದ್ದ ಕೊಡದಂತೆ ಒಳಕ್ಕೆ ಹೋಗಿಬಿಡುತ್ತಿತ್ತು. ಕಾಲೇಜಿನಲ್ಲಿ ‘ಸೂಕ್ಷ್ಮ ಬೋಧನೆ’ ಎಂಬ ಒಂದು ಪದ್ಧತಿ ಇತ್ತು: ಒಬ್ಬರು ಮೇಷ್ಟ್ರಾಗಿ ಕೆಲವೇ ನಿಮಿಷ ಪಾಠ ಮಾಡಬೇಕು, ಉಳಿದವರೆಲ್ಲ ಚಿಕ್ಕ ಮಕ್ಕಳಂತೆ ನಟಿಸಬೇಕು. ಕರಡಪ್ಪನ ಸರದಿ ಬಂದಾಗ ಅವನು ಮಕ್ಕಳಿಗೆ ಬೆನ್ನು ಹಾಕಿ, ಕಪ್ಪುಹಲಗೆಗೆ ಮುಖ ಕೊಟ್ಟು, ಇಡೀ ಪಾಠವನ್ನು ಪಿಸುಮಾತಿನಲ್ಲಿ ಮುಗಿಸಿದ.

ಬೋಧನಾ ವಿಧಾನದ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಕಪ್ಪುಹಲಗೆಗೆ ಚೆನ್ನಾಗಿ ಅರ್ಥ ಆಯ್ತು. ಇನ್ನು ಮಕ್ಕಳಿಗೆ ಯಾವಾಗ ಹೇಳ್ತೀರಿ?”

ಆದರೆ ಮಗುವಾಗಿ ನಟಿಸುವಾಗ ಮಾತ್ರ ಕರಡಪ್ಪ ಬೇರೆಯೇ ಮನುಷ್ಯ. ಕಾಗದದ ರಾಕೆಟ್ ಬಿಡುವುದು, ಪೆನ್ಸಿಲ್ ಬೀಳಿಸಿ ಬೆಂಚಿನ ಕೆಳಗೆ ತೆವಳುವುದು, ‘ಇವನು ಚಿವುಟಿದ ಮಿಸ್’ ಎಂದು ಸುಳ್ಳು ದೂರು ಹೇಳುವುದು, ಇವೆಲ್ಲ ಅವನಿಗೆ ಕರಗತವಾಗಿದ್ದವು. ಯಾಕೆಂದರೆ ಆಗ ಅವನನ್ನು ಯಾರೂ ಕರಡಪ್ಪ ಎಂದು ನೋಡುತ್ತಿರಲಿಲ್ಲ. ತರಗತಿ ನಿರ್ವಹಣೆಯ ಅಭ್ಯಾಸವಿದ್ದ ದಿನ ಪ್ರತಿಯೊಬ್ಬರೂ ಅವನನ್ನೇ ತುಂಟನಾಗಲು ಬೇಡಿಕೊಳ್ಳುತ್ತಿದ್ದರು.

ಈ ಹೊತ್ತಿಗೆ ಅವನ ತಂಗಿಯ ಮದುವೆಯ ಮಾತು ಬಂತು. ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಪಕ್ಕದ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಹುಡುಗ ಕಣ್ಣಲ್ಲಿ ಏನೂ ದೋಷವಿಲ್ಲದಿದ್ದರೂ ಪದೇ ಪದೇ ಪರೀಕ್ಷೆ ಮಾಡಿಸಿಕೊಳ್ಳಲು ಬರುತ್ತಿದ್ದ. ಇಬ್ಬರೂ ತಾವೇ ತೀರ್ಮಾನಿಸಿಕೊಂಡು ಮನೆಯಲ್ಲಿ ತಿಳಿಸಿದರು. ಒಂದು ಭಾನುವಾರ ಸಂಜೆ ಹುಡುಗ ತನ್ನ ತಂದೆಯನ್ನು ಕರೆದುಕೊಂಡು ಮಾತಾಡಲು ಬಂದ.

ಹುಡುಗನ ತಂದೆ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಊರೆಲ್ಲ ಅವರನ್ನು ತಕ್ಕಡಿ ಸಾಹೇಬರು ಎಂದೇ ಕರೆಯುತ್ತಿತ್ತು. ಅವರು ಕುರ್ಚಿಯಲ್ಲಿ ಕೂರುವ ಮೊದಲು ಅದರ ಕಾಲುಗಳು ಸಮವಾಗಿವೆಯೇ ಎಂದು ಅಲ್ಲಾಡಿಸಿ ನೋಡಿದರು. ಟೀ ಲೋಟವನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ತೂಗಿ, ಆಮೇಲೆ ಕುಡಿದರು. ಹೇಳಿದ ಮಾತನ್ನು ನಂಬುವ ಅಭ್ಯಾಸ ಅವರಿಗೆ ನೌಕರಿಯಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ.

“ತಾವು ಏನ್ ಮಾಡ್ಕೊಂಡಿದೀರಿ?” ಎಂದು ಕೇಳಿದರು.

“ಬಿ.ಎಡ್. ಕಾಲೇಜಿನಲ್ಲಿದೀನಿ ಸಾರ್,” ಎಂದ ಕರಡಪ್ಪ. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮುಂದೆ ಇನ್ನೂ ಹೇಳುವವನಿದ್ದ. ಆದರೆ ಗಾಬರಿಯಲ್ಲಿ ಇಡೀ ಬಿಸ್ಕತ್ತನ್ನು ಬಾಯಿಗಿಟ್ಟುಕೊಂಡ.

“ಓಹೋ! ಲೆಕ್ಚರರ್ರಾ?”

ಕರಡಪ್ಪನ ಬಾಯಿಂದ ‘ಹ್ಞೂಂ’ ಎಂಬಂಥ ಒಂದು ಸದ್ದು ಬಂತು. ಅದು ಒಪ್ಪಿಗೆಯೋ, ಬಿಸ್ಕತ್ತು ಗಂಟಲಿಗೆ ಸಿಕ್ಕಿದ್ದೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಅವನು ನೀರು ಕುಡಿದು ಬಾಯಿ ಬಿಡುವುದರೊಳಗೆ, ಆ ಮನೆಯಲ್ಲೇ ಇದ್ದ ಅವನ ಸೋದರತ್ತೆ ಬಾಯಿ ಬಿಟ್ಟಾಗಿತ್ತು.

“ಬರೀ ಲೆಕ್ಚರರ್ ಏನು ಬಂತು? ಮೇಷ್ಟ್ರುಗಳಿಗೇ ಮೇಷ್ಟ್ರು ನಮ್ಮ ಹುಡುಗ! ಮೊದಲ ದಿನ ಒಳಗೆ ಹೋದ ತಕ್ಷಣ ಇಡೀ ಕ್ಲಾಸು ಎದ್ದು ನಿಂತಿತ್ತಂತೆ. ಅವನೇ ಹೇಳಿದ.”

ತಕ್ಕಡಿ ಸಾಹೇಬರ ಮುಖ ಅರಳಿತು. ತಂಗಿ ಅಣ್ಣನನ್ನು ದುರುಗುಟ್ಟಿ ನೋಡಿದಳು. ಹೆಂಡತಿ ಒಳಮನೆಗೆ ಹೋಗಿ ಜೋರಾಗಿ ಹೊಲಿಗೆ ಯಂತ್ರ ತುಳಿಯತೊಡಗಿದಳು. ಅವಳಿಗೆ ಸಿಟ್ಟು ಬಂದಾಗ ಆ ಮನೆಯಲ್ಲಿ ಬಹಳ ಬಟ್ಟೆ ತಯಾರಾಗುತ್ತಿತ್ತು.

ಅವರು ಹೋದ ಮೇಲೆ ಕರಡಪ್ಪ ಅತ್ತೆಯ ಮುಂದೆ ಕೈ ಮುಗಿದು ನಿಂತ. “ಅತ್ತೆ, ಯಾಕೆ ಹಾಗೆ ಹೇಳಿದ್ರಿ?”

“ನೀನು ಹ್ಞೂಂ ಅಂದೆ, ನಾನು ಅದನ್ನ ವಿವರಿಸಿದೆ ಅಷ್ಟೆ ಕಣೋ. ಇನ್ನೇನು ಆಗೋನೇ ತಾನೇ? ಇವತ್ತು ಹೇಳಿದ್ರೇನು, ಆಮೇಲೆ ಹೇಳಿದ್ರೇನು?”

ಅತ್ತೆ ಈ ತತ್ತ್ವವನ್ನು ಮನೆಯೊಳಗೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಬೆಳಿಗ್ಗೆ ಕರಡಪ್ಪ ಹೊರಗೆ ಕಾಲಿಟ್ಟರೆ ಬೀದಿಯ ನಡವಳಿಕೆಯೇ ಬದಲಾಗಿತ್ತು. ಅದುವರೆಗೆ ಕಸದ ಬುಟ್ಟಿಯನ್ನು ಇವರ ಗೋಡೆಗೇ ಒರಗಿಸುತ್ತಿದ್ದ ಎದುರುಮನೆಯಾಕೆ ಅದನ್ನು ತನ್ನ ಕಡೆ ಸರಿಸಿಕೊಂಡು, “ನಮಸ್ಕಾರ ಸಾರ್” ಎಂದಳು. ಇಸ್ತ್ರಿ ಅಂಗಡಿಯವನು ಕೇಳದೆಯೇ ಅಂಗಿಗೆ ಗಂಜಿ ಹಾಕಿಕೊಟ್ಟ. ಆ ಅಂಗಿಯ ಕಾಲರಿನೊಳಗೆ ಕರಡಪ್ಪನಿಗೆ ಕತ್ತು ತಿರುಗಿಸಲಾಗದೆ, ಯಾರಾದರೂ ಕರೆದರೆ ಮೈಯನ್ನೇ ತಿರುಗಿಸಿ ನೋಡಬೇಕಾಯಿತು. ಅದನ್ನು ನೋಡಿ ಜನ, ಲೆಕ್ಚರರ್ ಎಂದರೆ ಹೀಗಿರಬೇಕು, ಎಷ್ಟು ಗಾಂಭೀರ್ಯ ಎಂದರು.

ಎದುರುಮನೆಯಾಕೆ ಎರಡು ದಿನ ಬಿಟ್ಟು ಮಗಳನ್ನೇ ಕರೆದುಕೊಂಡು ಬಂದಳು. “ಇವಳಿಗೆ ನಿಮ್ಮ ಕಾಲೇಜಿನಲ್ಲಿ ಒಂದು ಸೀಟು ಕೊಡಿಸ್ಬೇಕು ಸಾರ್.”

“ನನ್ನ ಸೀಟೇ ಗಟ್ಟಿ ಇಲ್ಲಮ್ಮ,” ಎಂದ ಕರಡಪ್ಪ ಪ್ರಾಮಾಣಿಕವಾಗಿ.

“ಅಯ್ಯೋ ಪಾಪ, ಅಲ್ಲೂ ರಾಜಕೀಯಾನಾ?” ಎಂದು ಆಕೆ ಕನಿಕರಪಟ್ಟಳು. ಸಂಜೆಯೊಳಗೆ ಬೀದಿಯಲ್ಲಿ, ಕರಡಪ್ಪನವರನ್ನು ಪ್ರಿನ್ಸಿಪಾಲ್ ಮಾಡಲು ಒಂದು ಗುಂಪು ಬಿಡುತ್ತಿಲ್ಲವಂತೆ ಎಂಬ ಸುದ್ದಿ ಹಬ್ಬಿತು.

ಇದೆಲ್ಲಕ್ಕಿಂತ ಅವನ ಎದೆಯನ್ನು ಹಿಂಡುತ್ತಿದ್ದದ್ದು ತಕ್ಕಡಿ ಸಾಹೇಬರು ಬಾಗಿಲಲ್ಲಿ ಹೋಗುವಾಗ ಆಡಿದ ಮಾತು: “ಒಂದಿನ ನಿಮ್ಮ ಕ್ಲಾಸು ನೋಡೋಕೆ ಬರ್ತೀನಿ. ಹೇಳಿ ಬರಲ್ಲ. ನಾನು ಯಾವತ್ತೂ ಹೇಳಿ ಹೋದೋನಲ್ಲ.” ಅಂದಿನಿಂದ ಕರಡಪ್ಪ ಕಾಲೇಜಿನಲ್ಲಿ ಕಿಟಕಿಯ ಪಕ್ಕವೇ ಕೂರತೊಡಗಿದ. ಯಾರದಾದರೂ ಚಪ್ಪಲಿಯ ಸದ್ದು ಕೇಳಿದರೆ ಬೆವರುತ್ತಿದ್ದ. ನಿಜ ಹೇಳಿಬಿಡೋಣವೆಂದು ಹೊರಟರೆ ತಂಗಿಯ ಮುಖ ಕಣ್ಣಮುಂದೆ ಬಂದು ಕಾಲು ತಡೆಯುತ್ತಿತ್ತು. ತನ್ನ ಒಂದು ‘ಹ್ಞೂಂ’ನಿಂದ ಅವಳ ಮದುವೆ ಮುರಿದರೆ ಏನು ಗತಿ?

ಸಾಹೇಬರು ಕೊನೆಗೂ ಬಂದರು. ಬಂದದ್ದು ತರಗತಿ ನಿರ್ವಹಣೆಯ ಅಭ್ಯಾಸದ ದಿನ.

ಅಂದು ಮೇಷ್ಟ್ರಾಗಿದ್ದವಳು ಕರಡಪ್ಪನ ಅರ್ಧ ವಯಸ್ಸಿನ ಒಬ್ಬ ಹುಡುಗಿ. ಅವಳು ಕಪ್ಪುಹಲಗೆಯ ಕಡೆ ತಿರುಗಿದಾಗ ಕರಡಪ್ಪ ಬೆಕ್ಕಿನ ಹಾಗೆ ಮಿಯಾಂವ್ ಎಂದ. ಅವಳು ತಿರುಗಿದಳು. ಕರಡಪ್ಪ ಪುಸ್ತಕದಲ್ಲಿ ಮುಳುಗಿದ್ದ. ಮತ್ತೆ ಬರೆಯಲು ಹೋದಳು, ಮತ್ತೆ ಬೆಕ್ಕು. ಈ ಸಲ ಅವಳು ಕಲಿತ ಕೌಶಲವೆಲ್ಲ ಮರೆತು ನಿಜವಾಗಿಯೇ ಕೆರಳಿ, “ಎದ್ದೇಳೋ! ಹತ್ತು ಬೆಂಚಿನ ಮೇಲೆ!” ಎಂದು ಅರಚಿದಳು. ಕರಡಪ್ಪ ತನ್ನ ಪಾತ್ರಕ್ಕೆ ತಕ್ಕಂತೆ ಮೂಗೊರೆಸುತ್ತ ಬೆಂಚು ಹತ್ತಿ ನಿಂತ. ಅಲ್ಲಿಂದ ಕಿಟಕಿಯ ಹೊರಗೆ ಚೆನ್ನಾಗಿ ಕಾಣುತ್ತಿತ್ತು. ಕಿಟಕಿಯಾಚೆ ತಕ್ಕಡಿ ಸಾಹೇಬರು ನಿಂತಿದ್ದರು.

ಇಬ್ಬರ ಕಣ್ಣೂ ಕೂಡಿದವು. ಕರಡಪ್ಪನ ಕೈ ಮೂಗಿನ ಬಳಿಯೇ ನಿಂತಿತು. ಬೆಂಚಿನ ಮೇಲೆ ನಿಂತೇ ಅವನು ನಮಸ್ಕಾರ ಮಾಡಿದ. ಅದೂ ತುಂಟತನವೆಂದುಕೊಂಡು ಹುಡುಗಿ ಅವನ ಮುಖಕ್ಕೆ ಒಂದು ಸೀಮೆಸುಣ್ಣ ಎಸೆದಳು.

ಸಾಹೇಬರು ಮೆಟ್ಟಿಲ ಬಳಿ ಕೂತಿದ್ದ ಜವಾನನ ಹತ್ತಿರ ಹೋದರು. ಇಲಾಖೆಯಲ್ಲಿದ್ದಾಗಲೂ ಅವರು ವಿಚಾರಣೆಯನ್ನು ಕೆಳಗಿನಿಂದ ಶುರುಮಾಡುತ್ತಿದ್ದವರು.

“ಆ ಬೆಂಚಿನ ಮೇಲೆ ನಿಂತಿದಾರಲ್ಲ, ಅವರು ಯಾರು?”

“ಅವರಾ ಸಾರ್? ಈ ಕಾಲೇಜಿಗೇ ಹಿರಿಯರು ಅವರು. ಅವರಿಗಿಂತ ಹಿರಿಯರು ಇಲ್ಲಿ ಯಾರೂ ಇಲ್ಲ.” ಜವಾನ ಹೇಳಿದ್ದು ವಯಸ್ಸನ್ನು.

“ಮತ್ತೆ ಬೆಂಚಿನ ಮೇಲೆ ಯಾಕೆ ನಿಂತಿದಾರೆ?”

“ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ನಿಲ್ಲೋಕೆ ಬರಲ್ಲ ಸಾರ್. ಮೇಡಂ ಕೂಡ ಹಾಗೇ ಹೇಳ್ತಾರೆ.”

ತರಗತಿ ಬಿಟ್ಟ ಕೂಡಲೇ ಕರಡಪ್ಪ ಓಡಿ ಬಂದ. ಮುಖದ ಮೇಲೆ ಸೀಮೆಸುಣ್ಣದ ಗುರುತು ಹಾಗೇ ಇತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಧೈರ್ಯ ತಂದುಕೊಂಡು, “ಸಾರ್, ನಿಜ ಹೇಳಿಬಿಡ್ತೀನಿ. ನಾನು ಇನ್ನೂ ಕಲೀತಾ ಇರೋ ವಿದ್ಯಾರ್ಥಿ,” ಎಂದ.

ತಕ್ಕಡಿ ಸಾಹೇಬರು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು. “ಇದೇ ನೋಡಿ ದೊಡ್ಡತನ! ಇಷ್ಟು ಹಿರಿಯರಾಗಿ, ತಾವೇ ಬೆಂಚು ಹತ್ತಿ ನಿಂತು ಆ ಮಕ್ಕಳಿಗೆ ಕಲಿಸ್ತಾ ಇದೀರಿ. ಮೇಲಿಂದ ನಾನು ವಿದ್ಯಾರ್ಥಿ ಅಂತೀರಿ! ನನ್ನ ಸರ್ವೀಸಿನಲ್ಲಿ ಇಂಥ ಮನುಷ್ಯನ್ನ ನೋಡಿರಲಿಲ್ಲ.”

“ಹಾಗಲ್ಲ ಸಾರ್...”

“ಒಂದು ಮಾತೂ ಆಡಬೇಡಿ. ನಾನೊಂದು ಶಾಲೆಯ ಆಡಳಿತ ಮಂಡಳಿಗೆ ಅಧ್ಯಕ್ಷ. ಅಲ್ಲಿನ ಟೀಚರುಗಳು ಮಕ್ಕಳನ್ನ ನೋಡಿದ್ರೆ ಉರಿದುಬೀಳ್ತಾರೆ. ಬರೋ ಸೋಮವಾರ ತಾವು ಬಂದು ಅವರಿಗೊಂದು ಉಪನ್ಯಾಸ ಕೊಡ್ಲೇಬೇಕು.”

“ಸೋಮವಾರ ನನಗೆ ಪರೀಕ್ಷೆ ಇದೆ ಸಾರ್,” ಎಂದು ಕರಡಪ್ಪ ಅಳುವ ಧ್ವನಿಯಲ್ಲಿ ಹೇಳಿದ. ಇದೂ ನಿಜವೇ. ಅಂದು ಅವನ ಕೊನೆಯ ಬೋಧನಾ ಪರೀಕ್ಷೆ. ಯಾವುದೋ ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ಹೊರಗಿನಿಂದ ಪರೀಕ್ಷಕರು ಬಂದು ಹಿಂದೆ ಕೂತು ಅಂಕ ಹಾಕುತ್ತಾರೆ.

“ಪರೀಕ್ಷೆ ನಡೆಸೋದು ಎಲ್ಲಿ?”

ಕರಡಪ್ಪ ಶಾಲೆಯ ಹೆಸರು ಹೇಳಿದ. ಸಾಹೇಬರು ಅವನ ಬೆನ್ನು ಚಪ್ಪರಿಸಿ ನಕ್ಕರು. “ಅದೇ ರೀ ನಮ್ಮ ಶಾಲೆ! ಇನ್ನೂ ಅನುಕೂಲ ಆಯ್ತು. ಮೊದಲು ನಿಮ್ಮ ಪರೀಕ್ಷೆ, ಆಮೇಲೆ ಉಪನ್ಯಾಸ. ಮನೆಯವರನ್ನೆಲ್ಲ ನಾನೇ ಕರ್ಕೊಂಡು ಬರ್ತೀನಿ.”

ಸೋಮವಾರದವರೆಗೆ ಕರಡಪ್ಪ ಹೇಗೆ ಬದುಕಿದ್ದನೋ ಅವನಿಗೇ ಗೊತ್ತಿಲ್ಲ. ಹಲ್ಲುಜ್ಜುವಾಗ ಪಾಠ ಹೇಳಿಕೊಳ್ಳುತ್ತಿದ್ದ, ಪಾಠ ಬರೆಯುವಾಗ ನಿಟ್ಟುಸಿರು ಬಿಡುತ್ತಿದ್ದ. ಹೆಂಡತಿ ಅವನ ಕೋಟಿಗೆ ಗುಂಡಿ ಹಾಕುತ್ತ, “ಬೀಗರಿಗೆ ನಾನು ಹೇಳ್ಲಾ?” ಎಂದು ಕೇಳಿದಳು.

“ಬೇಡ. ನೀನು ನಿಜ ಹೇಳಿದ್ರೆ ಅದನ್ನ ಗಂಡನ ಮೇಲಿನ ಅಸೂಯೆ ಅಂದ್ಕೋತಾರೆ. ಆ ಮನುಷ್ಯನಿಗೆ ಈಗ ಏನು ಹೇಳಿದ್ರೂ ನನ್ನ ಗೌರವವೇ ಹೆಚ್ಚುತ್ತೆ.”

ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನ ಬಳಿ ಬಣ್ಣದ ಸೀಮೆಸುಣ್ಣದಲ್ಲಿ, ‘ಹಿರಿಯ ಉಪನ್ಯಾಸಕರಿಗೆ ಸುಸ್ವಾಗತ’ ಎಂದು ಬರೆದಿತ್ತು. ಕಂಕುಳಲ್ಲಿ ಸುತ್ತಿದ ಚಾರ್ಟು, ಕೈಯಲ್ಲಿ ಪದ ಬರೆದ ರಟ್ಟಿನ ಮಿಂಚುಪಟ್ಟಿಗಳ ಚೀಲ ಹಿಡಿದು ಕರಡಪ್ಪ ಅದರ ಮುಂದೆ ನಿಂತಿರುವಾಗ ಮುಖ್ಯೋಪಾಧ್ಯಾಯಿನಿ ಧಾವಿಸಿ ಬಂದರು.

“ಟ್ರೈನಿ ತಾನೇ ನೀವು? ಇಲ್ಲಿ ಅಡ್ಡ ನಿಲ್ಲಬೇಡಿ. ಈ ಬಾಗಿಲಲ್ಲಿ ಮುಖ್ಯ ಅತಿಥಿಗಳು ಬರ್ತಾರೆ. ಹಿಂದಿನಿಂದ ಹೋಗಿ.”

ಕರಡಪ್ಪ ತನಗೇ ದಾರಿ ಬಿಟ್ಟುಕೊಟ್ಟು, ಹಿಂದಿನ ಬಾಗಿಲಿನಿಂದ ಒಳಗೆ ಹೋದ.

ಆರನೆಯ ತರಗತಿಯ ಕೋಣೆ. ಹಿಂದಿನ ಬೆಂಚಿನಲ್ಲಿ ದಪ್ಪ ಕನ್ನಡಕದ, ಬಿಗಿದ ತುಟಿಯ ಪರೀಕ್ಷಕಿ ಅಂಕದ ಹಾಳೆ ಬಿಚ್ಚಿ ಕೂತಿದ್ದರು. ಪಾಠ ಶುರುವಾಗುವ ಮುನ್ನ ಬಾಗಿಲು ತೆರೆದು ತಕ್ಕಡಿ ಸಾಹೇಬರು, ಅವರ ಮಗ, ಕರಡಪ್ಪನ ತಂಗಿ ಮತ್ತು ಹೊಸ ಸೀರೆ ಉಟ್ಟ ಅತ್ತೆ ಒಬ್ಬರ ಹಿಂದೊಬ್ಬರು ಬಂದು ಅದೇ ಬೆಂಚಿನಲ್ಲಿ ಒತ್ತಿಕೊಂಡು ಕೂತರು. ಆಡಳಿತ ಮಂಡಳಿಯ ಅಧ್ಯಕ್ಷರೆಂದು ಪರೀಕ್ಷಕಿ ಸುಮ್ಮನಾದರು. ಸಾಹೇಬರಾದರೋ ಆಕೆಯ ಕೈಯಲ್ಲಿದ್ದ ಪೆನ್ನು ಹಾಳೆ ನೋಡಿ ಮೆಚ್ಚಿಕೊಂಡರು.

“ನೀವೂ ಕಲಿಯೋಕೆ ಬಂದಿದೀರಾ ಅಮ್ಮ? ಒಳ್ಳೇದು. ಒಂದೊಂದು ಮಾತೂ ಬಿಡದೆ ಬರ್ಕೊಳ್ಳಿ. ಇಂಥವರ ಪಾಠ ಕೇಳೋ ಅದೃಷ್ಟ ಮತ್ತೆ ಸಿಗಲ್ಲ.”

ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆದ ರೀತಿ ನೋಡಿ ಕರಡಪ್ಪ ಅವಸರದಿಂದ ಚಾರ್ಟಿನ ದಾರ ಬಿಚ್ಚತೊಡಗಿದ.

ಅವನು ಪಾಠಕ್ಕೆ ಆರಿಸಿಕೊಂಡದ್ದು ಲೇಖನ ಚಿಹ್ನೆಗಳನ್ನು. ಚಾರ್ಟನ್ನು ಮೊಳೆಗೆ ತೂಗುಹಾಕಿದ. ಅದು ಸುರುಳಿ ಸುತ್ತಿಕೊಂಡು ಮೇಲಕ್ಕೆ ಹೋಯಿತು. ಎಳೆದ, ಮತ್ತೆ ಹೋಯಿತು. ಮಕ್ಕಳ ಕಡೆ ನೋಡಿದ. ಅಷ್ಟೂ ಕಣ್ಣುಗಳು, ಅವುಗಳ ಹಿಂದೆ ಬೀಗರ ಕಣ್ಣು, ಪರೀಕ್ಷಕಿಯ ಕನ್ನಡಕ. ಧ್ವನಿ ಒಳಕ್ಕಿಳಿಯಿತು. ಅವನ ಪಾದಗಳು ಅವನನ್ನು ಕೇಳದೆಯೇ ಕಪ್ಪುಹಲಗೆಯ ಕಡೆ ತಿರುಗಿದವು. ಅಲ್ಲಿ ‘ಊಟ ಆಯಿತು’ ಎಂದು ಬರೆದು, ಅದನ್ನೇ ನೋಡುತ್ತ ನಿಂತುಬಿಟ್ಟ.

ಹಿಂದಿನಿಂದ ಸಾಹೇಬರು ಮಗನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: “ನೋಡೋ, ಮೌನದಲ್ಲೇ ಪಾಠ!”

ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. “ಸಾರ್, ನೀವು ನಮ್ಮ ಹೊಸ ಮೇಷ್ಟ್ರಾ?”

ಕರಡಪ್ಪ ತಿರುಗಿದ. ಆ ಮಗುವಿಗೆ ಉತ್ತರ ಬೇಕಿತ್ತು, ಬೇರೇನೂ ಬೇಕಿರಲಿಲ್ಲ. ಬಾಯಲ್ಲಿ ಬಿಸ್ಕತ್ತೂ ಇರಲಿಲ್ಲ.

“ಅಲ್ಲಮ್ಮ,” ಎಂದ. “ನಾನೂ ನಿಮ್ಮ ಹಾಗೇ ಓದ್ತಾ ಇರೋನು. ಇವತ್ತು ನನಗೆ ಪರೀಕ್ಷೆ. ಹಿಂದೆ ಕೂತಿದಾರಲ್ಲ, ಆ ಮೇಡಂ ಮಾರ್ಕ್ಸ್ ಹಾಕೋಕೆ ಬಂದಿದಾರೆ. ನನಗೆ ತುಂಬ ಹೆದರಿಕೆ ಆಗ್ತಾ ಇದೆ.”

ತರಗತಿಯಲ್ಲಿ ಒಂದು ಸಣ್ಣ ಸಂಚಲನವಾಯಿತು. ಮಕ್ಕಳೆಲ್ಲ ತಿರುಗಿ ಪರೀಕ್ಷಕಿಯನ್ನು ನೋಡಿದರು, ಮತ್ತೆ ಕರಡಪ್ಪನನ್ನು ನೋಡಿದರು. ಇಷ್ಟು ದೊಡ್ಡ ಮನುಷ್ಯನಿಗೂ ಪರೀಕ್ಷೆ ಇದೆ ಎಂಬ ಸಂಗತಿ ಅವರಿಗೆ ಹೊಸದು. ಮುಂದಿನ ಬೆಂಚಿನ ಹುಡುಗಿ ಧ್ವನಿ ತಗ್ಗಿಸಿ, “ಹೆದರ್ಕೋಬೇಡಿ ಸಾರ್. ನೀವು ಕೇಳಿ, ನಾವು ಹೇಳ್ತೀವಿ,” ಎಂದಳು. ಕಿಟಕಿಯ ಬಳಿಯವನೊಬ್ಬ ತಾನಾಗಿಯೇ ಬಂದು ಚಾರ್ಟಿನ ಕೆಳತುದಿಯನ್ನು ಹಿಡಿದು ಕೂತ.

ಕರಡಪ್ಪನಿಗೆ ಧ್ವನಿ ಬಂತು. ಮೊದಲು ತೆಳ್ಳಗೆ, ಆಮೇಲೆ ಗಟ್ಟಿಯಾಗಿ. “ಈ ವಾಕ್ಯದ ಮುಂದೆ ಚುಕ್ಕಿ ಇಟ್ಟರೆ ಏನರ್ಥ?”

ಕೇಳಿ ಮುಗಿಸುವುದರೊಳಗೆ ಇಡೀ ತರಗತಿ ಕೈ ಎತ್ತಿತ್ತು. ಉತ್ತರ ಗೊತ್ತಿಲ್ಲದವರು ಇನ್ನೂ ಎತ್ತರಕ್ಕೆ ಎತ್ತಿದ್ದರು.

“ಹೊಟ್ಟೆ ತುಂಬಿತು ಅಂತ ಸಾರ್!”

“ಪ್ರಶ್ನಾರ್ಥಕ ಹಾಕಿದ್ರೆ?”

“ಪಕ್ಕದ ಮನೆಯವರು ಸುಮ್ನೆ ಕೇಳೋದು ಸಾರ್, ಊಟ ಹಾಕೋಕಲ್ಲ!”

“ಭಾವಸೂಚಕ ಹಾಕಿದ್ರೆ?”

“ಅಮ್ಮ ಬಂದು ನೋಡ್ತಾಳೆ, ಪಾತ್ರೆ ಖಾಲಿ!” ಎಂದನು ಚಾರ್ಟು ಹಿಡಿದವನು. ಎಲ್ಲರೂ ನಕ್ಕರು. ಕರಡಪ್ಪನೂ ನಕ್ಕ. ಪಾಠವೆಂದರೆ ಇಷ್ಟೇ ಏನು ಎಂದು ಅವನಿಗೆ ಆಶ್ಚರ್ಯವಾಗುತ್ತಿರುವಾಗಲೇ ಹಿಂದಿನ ಬೆಂಚು ಕಿರ್ರೆಂದಿತು. ಪರೀಕ್ಷಕಿಯ ಅಂಕದ ಹಾಳೆಯನ್ನು ಆಗಷ್ಟೇ ಇಣುಕಿ ಓದಿದ ತಕ್ಕಡಿ ಸಾಹೇಬರು ಎದ್ದು ನಿಂತಿದ್ದರು. ಮುಖ ಕೆಂಪಾಗಿತ್ತು.

“ಏನ್ರೀ ಇದು? ಅಂದ್ರೆ ನೀವು...”

ಪರೀಕ್ಷಕಿಯ ಪೆನ್ನು ಗಾಳಿಯಲ್ಲಿ ನಿಂತಿತು. ತಂಗಿ ಕಣ್ಣು ಮುಚ್ಚಿಕೊಂಡಳು. ಆಗ ಕರಡಪ್ಪ ಏನು ಮಾಡಿದನೆಂಬುದನ್ನು ಅವನು ಇವತ್ತಿಗೂ ನಂಬುವುದಿಲ್ಲ. ಕೋಟಿನ ಗುಂಡಿ ಮುಟ್ಟಿಕೊಂಡು, ಬಹಳ ಸಮಾಧಾನದಿಂದ ಹೇಳಿದ: “ಹಿಂದಿನ ಬೆಂಚಿನವರು ಮಾತಾಡೋದಿದ್ರೆ ಕೈ ಎತ್ತಬೇಕು.”

ಎಷ್ಟು ದೊಡ್ಡ ಹುದ್ದೆ ಮಾಡಿದವರಾದರೂ ಬೆಂಚಿನಲ್ಲಿ ಕೂತ ಮೇಲೆ ಮೈ ಹಳೆಯ ಮಾತನ್ನೇ ಕೇಳುತ್ತದೆ. ಸಾಹೇಬರ ಬಲಗೈ ತಾನಾಗಿಯೇ ಮೇಲಕ್ಕೆ ಹೋಯಿತು.

“ಹೇಳಿ.”

“ಸಾರ್... ನೀವು ಲೆಕ್ಚರರ್ ಅಲ್ವಾ?”

“ಅಲ್ಲ ಸಾರ್.” ಕರಡಪ್ಪ ಮಕ್ಕಳ ಕಡೆ ತಿರುಗಿದ. “ಅವರ ಮಾತಿಗೆ ಯಾವ ಚಿಹ್ನೆ?”

“ಪ್ರಶ್ನಾರ್ಥಕ!”

“ನನ್ನ ಮಾತಿಗೆ?”

“ಪೂರ್ಣವಿರಾಮ!”

ಕಿಟಕಿಯ ಕಡೆಯಿಂದ ಒಂದು ಧ್ವನಿ ಬಂತು: “ಅವರ ಮುಖಕ್ಕೆ ಭಾವಸೂಚಕ ಸಾರ್!”

ಪರೀಕ್ಷಕಿ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಅವರ ಹೆಗಲು ಮಾತ್ರ ಕುಣಿಯುತ್ತಿತ್ತು.

ಗಂಟೆ ಹೊಡೆಯಿತು. ಪಡಸಾಲೆಯಲ್ಲಿ ಸಾಹೇಬರು ಕರಡಪ್ಪನನ್ನು ಗೋಡೆಗೆ ಒರಗಿಸಿ ನಿಲ್ಲಿಸಿಕೊಂಡರು. “ತೂಕದ ಕಲ್ಲನ್ನ ಕೊರೆದಿಡೋರನ್ನ ನೋಡಿದೀನಿ. ಲೀಟರಿನ ತಳ ಉಬ್ಬಿಸಿದೋರನ್ನ ನೋಡಿದೀನಿ. ಮನುಷ್ಯನ್ನೇ ಉಬ್ಬಿಸಿ ತೂಗಿದೋರನ್ನ ಇವತ್ತೇ ನೋಡಿದ್ದು!”

“ಅಪ್ಪಾ,” ಎಂದ ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಮಗ. “ನನಗೆ ಮೊದಲೇ ಗೊತ್ತಿತ್ತು. ಇವಳು ಹೇಳಿದ್ಲು.”

“ನಿಮಗೂ ಹೇಳೋಕೆ ಬಂದಿದ್ದೆ,” ಎಂದಳು ತಂಗಿ. “ನಾನು ಅಣ್ಣನ ವಿಷಯ ಎತ್ತಿದ ತಕ್ಷಣ ನೀವೇ ಅವನನ್ನ ಹೊಗಳೋಕೆ ಶುರುಮಾಡಿದ್ರಿ. ಮುಗಿಯೋ ಹೊತ್ತಿಗೆ ನನ್ನ ಬಸ್ಸು ಬಂತು.”

“ಕಾಲೇಜಿನಲ್ಲಿ ನಾನೂ ಹೇಳಿದೆ ಸಾರ್. ವಿದ್ಯಾರ್ಥಿ ಅಂದೆ,” ಎಂದ ಕರಡಪ್ಪ. “ಆದ್ರೂ ತಪ್ಪು ನನ್ನದೇ. ಮೊದಲ ದಿನವೇ ಬಾಯಲ್ಲಿದ್ದದ್ದನ್ನ ಉಗುಳಿ ಹೇಳ್ಬೇಕಿತ್ತು. ನನ್ನ ಮೇಲಿನ ಸಿಟ್ಟನ್ನ ಇವಳ ಮೇಲೆ ತೀರಿಸಬೇಡಿ.”

ಸಾಹೇಬರು ಕಣ್ಣು ಮುಚ್ಚಿ ನಿಂತರು. ಅವರೊಳಗೆ ಏನೋ ತೂಗಾಡುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಅತ್ತೆ ಏನೋ ಹೇಳಲು ಬಾಯಿ ತೆರೆದರು. ತಂಗಿ ಅವರ ಕೈಯನ್ನು ಬಲವಾಗಿ ಅದುಮಿದಳು. ಕೊನೆಗೆ ಸಾಹೇಬರು, “ನೀವು ಹೇಳಿದ್ದು ನಿಜ. ಕೇಳಿಸಿಕೊಳ್ಳಲಿಲ್ಲ ನಾನು,” ಎಂದು ಗೊಣಗಿದರು. ಅವರ ಬಾಯಿಂದ ಅಂಥ ಮಾತು ಬಂದದ್ದನ್ನು ಅದೇ ಮೊದಲು ಕೇಳಿದ ಮಗ ಗೋಡೆ ಹಿಡಿದುಕೊಂಡ.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಓಡುತ್ತ ಬಂದರು. “ಸಾರ್, ಟೀಚರುಗಳೆಲ್ಲ ಆಗಲೇ ಹಾಲ್‌ನಲ್ಲಿ ಕೂತಿದಾರೆ. ಹಿರಿಯ ಉಪನ್ಯಾಸಕರು ಎಲ್ಲಿ?”

ಸಾಹೇಬರ ಮುಖ ಬೂದಿಯಾಯಿತು. ಅವರು ಕರಡಪ್ಪನನ್ನು ನೋಡಿದರು, ಕರಡಪ್ಪ ಚಾರ್ಟಿನ ಹಿಂದೆ ಸರಿದ. ತರಗತಿಯಿಂದ ಆಗ ತಾನೇ ಹೊರಬರುತ್ತಿದ್ದ ಪರೀಕ್ಷಕಿಯ ಮುಂದೆ ಸಾಹೇಬರು ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು, “ಅಮ್ಮ... ಅಲ್ಲ, ಮೇಡಂ... ತಾವು ಒಂದು ನಾಲ್ಕು ಮಾತು...” ಎಂದರು.

“ಆಗಲಿ,” ಎಂದರು ಪರೀಕ್ಷಕಿ. “ನೀವು ಮುಂದಿನ ಸಾಲಿನಲ್ಲಿ ಕೂತು ಬರ್ಕೋಬೇಕು. ಒಂದೊಂದು ಮಾತೂ ಬಿಡದೆ.”

ಅವರು ಬರೆದುಕೊಂಡರು. ಕರಡಪ್ಪ ತೇರ್ಗಡೆಯಾದ. ಅವನ ವರದಿಯಲ್ಲಿ ಪರೀಕ್ಷಕಿ, ಧ್ವನಿ ಸಾಧಾರಣ, ಚಾರ್ಟು ಶೋಚನೀಯ, ತರಗತಿ ನಿರ್ವಹಣೆ ಅಸಾಧಾರಣ ಎಂದು ಬರೆದಿದ್ದರೆಂದು ಬೋಧನಾ ವಿಧಾನದ ಮೇಡಂ ನಗುತ್ತ ತಿಳಿಸಿದರು. ಕೆಲವು ದಿನಗಳಲ್ಲಿ ತಕ್ಕಡಿ ಸಾಹೇಬರು ಮದುವೆಗೆ ದಿನ ಗೊತ್ತುಮಾಡಲು ಮನೆಗೆ ಬಂದರು. ಎಲ್ಲ ಮಾತೂ ಸುಗಮವಾಗಿ ಮುಗಿಯಿತು. ಎದ್ದು ಹೊರಡುವಾಗ ಅವರು ಕರಡಪ್ಪನನ್ನು ಪಕ್ಕಕ್ಕೆ ಕರೆದರು.

“ಒಂದು ತೊಂದರೆ ಇದೆ. ನಮ್ಮ ನೆಂಟರಿಗೆಲ್ಲ ನಾನು ಲೆಕ್ಚರರ್ ಬೀಗರು ಅಂತ ಹೇಳಿಬಿಟ್ಟಿದೀನಿ. ಈಗ ಹೋಗಿ ಸುಳ್ಳು ಅನ್ನೋಕಾಗುತ್ತಾ? ನನ್ನ ಮಾತಿನ ತೂಕ ಏನಾಗ್ಬೇಕು?”

“ಮತ್ತೆ ಏನ್ ಮಾಡೋದು ಸಾರ್?”

“ನೀವೇ ಆಗಿಬಿಡಿ. ಎಂ.ಎಡ್.ಗೆ ಸೇರಿ. ನಾನು ಆಗಲೇ ವಿಚಾರಿಸಿದೀನಿ. ಆಮೇಲೆ ಬೇಕಾದ್ರೆ ಪಿಎಚ್.ಡಿ.ನೂ ಮಾಡಬಹುದಂತೆ.”

ಕರಡಪ್ಪ ಕುರ್ಚಿಯಲ್ಲಿ ಕುಸಿದ. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ನಿಂತು, “ಮಾಡ್ತಾರೆ ಬಿಡಿ,” ಎಂಬ ಹೆಂಡತಿಯ ಧ್ವನಿ ಕೇಳಿಸಿತು. ಅತ್ತೆ ಅಲ್ಲಿರಲಿಲ್ಲ. ಪಿಎಚ್.ಡಿ. ಎಂಬ ಮಾತು ಕಿವಿಗೆ ಬಿದ್ದೊಡನೆ, ಅದನ್ನು ಮಾಡಿದವರನ್ನು ಏನೆಂದು ಕರೆಯುತ್ತಾರೆಂದು ತಂಗಿಯನ್ನು ಕೇಳಿ ತಿಳಿದುಕೊಂಡು, ಚಪ್ಪಲಿ ಕೂಡ ಮೆಟ್ಟದೆ ಎದುರುಮ‌ನೆಗೆ ಹೋಗಿಯಾಗಿತ್ತು.

ಸಾಹೇಬರು ಬೀದಿಯ ತಿರುವು ದಾಟಿರಲಿಕ್ಕಿಲ್ಲ, ಎದುರುಮನೆಯಾಕೆ ಊದಿಕೊಂಡ ಮೊಣಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಾಗಿಲಿಗೆ ಬಂದಳು.

ಈ ಸಲ ಕರಡಪ್ಪ ಒಂದು ಕ್ಷಣವನ್ನೂ ಹಾಳುಮಾಡಲಿಲ್ಲ. ಎದ್ದು ನಿಂತು, ಇಡೀ ಬೀದಿಗೆ ಕೇಳುವಂತೆ, “ನಾನು ಡಾಕ್ಟರ್ ಅಲ್ಲ!” ಎಂದು ಕೂಗಿದ.

ಎದುರುಮನೆಯಾಕೆ ಬೇಸರಪಟ್ಟುಕೊಳ್ಳಲಿಲ್ಲ. ಒಳಗೆ ಬಂದು ಅವನೆದುರಿನ ಕುರ್ಚಿಯಲ್ಲಿ ಕೂತು, ಮೊಣಕೈಯನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟಳು.

“ಪರವಾಗಿಲ್ಲ ಸಾರ್, ಕಾಂಪೌಂಡರ್ ಆದ್ರೂ ಸಾಕು. ನೋಡಿ.”